ಚೆರ್ರಿ ಕೌಂಟಿ: ಸ್ಥಾಪನೆ ಮತ್ತು ನಾಮಕರಣ

ಅಮೆರಿಕದ ನೆಬ್ರಾಸ್ಕ ರಾಜ್ಯದ ಅತಿ ದೊಡ್ಡ ಕೌಂಟಿಯಾದ ಚೆರ್ರಿ 1883ರಲ್ಲಿ ರಚನೆಯಾಯಿತು. ಈ ಹೆಸರಿಗೂ ಹಣ್ಣಿಗೂ ಸಂಬಂಧವಿಲ್ಲ. 5ನೇ ಅಶ್ವದಳದ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಚೆರ್ರಿ 1881ರಲ್ಲಿ ಡಕೋಟಾ ಪ್ರಾಂತ್ಯದಲ್ಲಿ, ಶತ್ರುವಿನಿಂದಲ್ಲ, ಸಹಸೈನಿಕನ ಗುಂಡಿಗೆ ಬಲಿಯಾದ. ಕೌಂಟಿಗೆ ಇಟ್ಟದ್ದು ಅವನ ಹೆಸರನ್ನೇ. ಆಡಳಿತ ಕೇಂದ್ರ ವ್ಯಾಲೆಂಟೈನ್ ಪಟ್ಟಣಕ್ಕೆ ಸಂಸದ ಎಡ್ವರ್ಡ್ ಕೆ. ವ್ಯಾಲೆಂಟೈನ್ ಹೆಸರಿದೆ.

ಹುಲ್ಲು ಹೊದ್ದ ಇಲ್ಲಿನ ಮರಳುದಿಬ್ಬಗಳು (ಸ್ಯಾಂಡ್‌ಹಿಲ್ಸ್) ಉಳುಮೆಗೆ ಒಗ್ಗಲಿಲ್ಲ, ದನಗಳಿಗೆ ಒಗ್ಗಿದವು. 1904ರ ಕಿಂಕೇಡ್ ಕಾಯ್ದೆ ಕುಟುಂಬಕ್ಕೆ 640 ಎಕರೆವರೆಗೆ ಕೊಟ್ಟರೂ ಅನೇಕರು ಬೇಸಾಯ ಬಿಟ್ಟು ಹೋದರು. ಅವರ ಜಮೀನು ದೊಡ್ಡ ರಾಂಚ್‌ಗಳಿಗೆ ಸೇರಿತು. ವಿಸ್ತೀರ್ಣದಲ್ಲಿ ಕನೆಕ್ಟಿಕಟ್ ರಾಜ್ಯವನ್ನೂ ಮೀರಿಸುವ ಈ ಕೌಂಟಿಯ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 5,500 ಮಾತ್ರ.