ನೆಗಡಿ ಹೋಯಿತು, ವಾಸನೆ ಮರಳಲಿಲ್ಲ

"ಜ್ವರಾ ಬಿಟ್ಟು ಎರಡು ತಿಂಗಳಾತ್ರಿ ಡಾಕ್ಟರ, ಬಾಯಿಗೆ ರುಚಿನ ಇಲ್ಲ. ರೊಟ್ಟಿ ತಿಂದ್ರೂ ಅಷ್ಟ, ರಟ್ಟು ತಿಂದ್ರೂ ಅಷ್ಟ." ಕಿವಿ, ಮೂಗು, ಗಂಟಲು ವಿಭಾಗಕ್ಕೆ ಬರುವ ಕೆಲವರು ಹೀಗೆ ಹೇಳಿಕೊಳ್ಳುತ್ತಾರೆ. ಜೊತೆಗೆ ಬಂದವರು "ಎಲ್ಲಾ ಮನಸಿನ್ಯಾಗ ಐತ್ರಿ" ಅನ್ನುತ್ತಾರೆ. ಆಗ ರೋಗಿ ಸುಮ್ಮನಾಗಿಬಿಡುತ್ತಾರೆ. ಬಂಧುಗಳೇ, ಇದು ನೆಪವಲ್ಲ, ನಿಜವಾದ ತೊಂದರೆ.

ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ವಾಸನೆಯದು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಬೇಳೆಕಟ್ಟಿನಂಥ ಸಾರದ ರುಚಿ, ಇಷ್ಟೇ. ಖಾರವಂತೂ ರುಚಿಯೇ ಅಲ್ಲ, ಅದು ಉರಿ. ಮೂಗು ಮುಚ್ಚಿ ಏಲಕ್ಕಿ ಪುಡಿ ಬೆರೆಸಿದ ಸಕ್ಕರೆ ತಿಂದು ನೋಡಿ. ಸಿಹಿ ಮಾತ್ರ ತಿಳಿಯುತ್ತದೆ. ಮೂಗು ಬಿಟ್ಟ ಕೂಡಲೇ ಏಲಕ್ಕಿ ಬರುತ್ತದೆ. ಅನುಮಾನವಿರುವ ಮನೆಯವರು ಇದನ್ನು ತಾವೇ ಒಮ್ಮೆ ಮಾಡಿ ನೋಡಬೇಕು.

ಮೂಗಿನ ಒಳಗೆ, ಮೇಲ್ಭಾಗದಲ್ಲಿ, ವಾಸನೆ ಹಿಡಿಯುವ ನರಕೋಶಗಳ ಒಂದು ತೆಳುಪೊರೆ ಇದೆ. ನೆಗಡಿ, ಫ್ಲೂ, 2020ರಲ್ಲಿ ಹರಡಿದ ಕೊರೊನಾ ಮೊದಲಾದ ವೈರಾಣುಗಳು ಈ ಪೊರೆಯನ್ನು ಕೆಡಿಸಬಲ್ಲವು. ಕೊರೊನಾ ಮುಖ್ಯವಾಗಿ ಹಾಳು ಮಾಡುವುದು ನರಕೋಶಗಳಿಗೆ ಆಸರೆಯಾದ ಕೋಶಗಳನ್ನು. ಸಮಾಧಾನದ ಸಂಗತಿ ಎಂದರೆ ಈ ನರಕೋಶಗಳು ಮತ್ತೆ ಹುಟ್ಟುತ್ತವೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಕೆಲವರಿಗೆ ವರ್ಷ, ಎರಡು ವರ್ಷ ಹಿಡಿಯುತ್ತದೆ. ಪೂರ್ತಿ ಮರಳದವರೂ ಇದ್ದಾರೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಡುವೆ ಇನ್ನೊಂದು ಕಾಟ ಶುರುವಾಗಬಹುದು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಒಗ್ಗರಣೆ ಸುಟ್ಟ ಹಾಗೆ, ಕೊಳೆತ ಹಾಗೆ ನಾರುತ್ತವೆ. ನರಗಳು ಚೇತರಿಸಿಕೊಳ್ಳುವಾಗ ಅನೇಕರಿಗೆ ಹೀಗಾಗುತ್ತದೆ. ಆಗ ಬಿಸಿ ಅಡುಗೆಗಿಂತ ಆರಿದ ಊಟ, ಮೊಸರನ್ನ, ಹಣ್ಣು ಸೇರುತ್ತವೆ. "ನಾ ಮಾಡಿದ್ದು ನಿನಗ ಸೇರೂದಿಲ್ಲೇನು" ಎಂದು ಅಡುಗೆ ಮಾಡಿದವರು ಬೇಸರಪಡಬಾರದು.

ಮೂಗಿಗೆ ಅಭ್ಯಾಸ ಮಾಡಿಸಬಹುದು. ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯರು 2009ರಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ವಾಸನೆ ಬಳಸಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಬೆಳಿಗ್ಗೆ ಮತ್ತು ರಾತ್ರಿ, ಒಂದೊಂದನ್ನೂ ಸುಮಾರು 10 ಸೆಕೆಂಡು ಮೆಲ್ಲಗೆ ಮೂಸಬೇಕು. ಮೂಸುವಾಗ ಆ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕು. ಕಡಿಮೆ ಎಂದರೆ 12 ವಾರ ಮಾಡಬೇಕು. ಮೊದಲ ತಿಂಗಳು ಏನೂ ತಿಳಿಯದಿದ್ದರೂ ಬಿಡಬೇಡಿ. ಬಹಳ ಜನ ಅಲ್ಲಿಯೇ ಬಿಡುತ್ತಾರೆ. ನೀಲಗಿರಿ ಎಣ್ಣೆಯನ್ನು ಹತ್ತಿಗೆ ಹಾಕಿ ದೂರದಿಂದ ಮೂಸಿ, ಮೂಗಿಗೆ ಬಿಡಬೇಡಿ. ಜಿಂಕ್ ಬೆರೆತ ಔಷಧವನ್ನೂ ಮೂಗಿಗೆ ಹಾಕಬಾರದು, ಅದರಿಂದಲೇ ವಾಸನೆ ಕಳೆದುಕೊಂಡವರಿದ್ದಾರೆ. ಅಂಗಡಿಯಿಂದ ಸ್ಟೀರಾಯ್ಡ್ ಗುಳಿಗೆ ತಂದು ನುಂಗುವುದೂ ಬೇಡ.

ರುಚಿ ಇಲ್ಲವೆಂದು ಉಪ್ಪು, ಸಕ್ಕರೆ ಹೆಚ್ಚು ಸುರಿದುಕೊಳ್ಳುವುದು ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ. ನಿಂಬೆರಸ ಹಿಂಡಿ, ಹುರಿದ ಶೇಂಗಾ, ಸೌತೆಕಾಯಿ ಸೇರಿಸಿ. ಹುಳಿ ಮತ್ತು ಕುರುಕಲು ಊಟಕ್ಕೆ ಜೀವ ಕೊಡುತ್ತವೆ. ಊಟವೇ ಬಿಟ್ಟು ತೂಕ ಇಳಿಯುತ್ತಿದ್ದರೆ ನಮಗೆ ತಿಳಿಸಿ.

ಎಲ್ಲಕ್ಕಿಂತ ದೊಡ್ಡ ಭಯ ಗ್ಯಾಸಿನದು. ಸೋರಿಕೆ ತಿಳಿಯಲೆಂದೇ ಸಿಲಿಂಡರಿನ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಮೂಗು ಸತ್ತವರಿಗೆ ಆ ಎಚ್ಚರಿಕೆ ಮುಟ್ಟುವುದಿಲ್ಲ. ಅಂಥವರು ರಾತ್ರಿ ರೆಗ್ಯುಲೇಟರ್ ಬಂದ್ ಮಾಡಿ ಮಲಗಬೇಕು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ವಾಸನೆ ತಿಳಿಯುವವರೊಬ್ಬರು ಅಡುಗೆಮನೆ ನೋಡಿ ಬರಲಿ. ಸೋರಿಕೆಯ ಅನುಮಾನ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ನಿನ್ನೆಯ ಸಾರು, ಹಾಲು ಕೆಟ್ಟಿದೆಯೇ ಎಂದು ನೋಡುವ ಕೆಲಸವೂ ಮನೆಯವರದೇ.

ಒಂದೇ ಹೊಳ್ಳೆ ಕಟ್ಟುವುದು, ಮೂಗಿನಿಂದ ಮೇಲಿಂದ ಮೇಲೆ ರಕ್ತ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋಗಿರುವುದು, ಅಥವಾ ನೆಗಡಿ ಜ್ವರವಿಲ್ಲದೆ ತಾನಾಗಿಯೇ ವಾಸನೆ ಕುಂದಿರುವುದು, ಇವಕ್ಕೆ ಕಾರಣ ಬೇರೆ ಇರಬಹುದು. ಕಾಯದೆ ಬಂದು ತೋರಿಸಿ. ವೈರಾಣು ಜ್ವರದ ನಂತರ ಹೋದ ವಾಸನೆ ಒಂದು ತಿಂಗಳಾದರೂ ಬಾರದಿದ್ದರೆ ಆಗಲೂ ಬನ್ನಿ. ಬರುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಚೀಟಿ ತನ್ನಿ.