ಆನ್‌ಲೈನಿನಲ್ಲಿ ತುಪ್ಪ ಮಾರುವ ಮುನ್ನ



ಹಂಪಿಗೆ ಬರುವ ಪ್ರವಾಸಿಗರನ್ನು ನೆಚ್ಚಿ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಕೆಲವು ಸದಸ್ಯರು ಮನೆಯ ತುಪ್ಪವನ್ನು ಆನ್‌ಲೈನಿನಲ್ಲಿ ಮಾರಬಹುದೇ ಎಂದು ಕೇಳುತ್ತಿದ್ದಾರೆ. ಮಾರಬಹುದು. ಆದರೆ ಮೊದಲು ಒಂದು ವಿಷಯ ತಿಳಿದಿರಲಿ.

ಪೂರ್ತಿ ಹಾಲನ್ನು ಸಂಘಕ್ಕೇ ಹಾಕುವ ಸದಸ್ಯರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ 2011ರ ನಿಯಮಗಳಲ್ಲಿ ವಿನಾಯಿತಿ ಇದೆ. 'ಪೂರ್ತಿ' ಎಂಬ ಮಾತನ್ನು ಗಮನಿಸಿರಿ. ಒಂದಿಷ್ಟು ಹಾಲು ಉಳಿಸಿ, ತುಪ್ಪ ಕಾಸಿ ಮಾರಿದರೆ ತಾವು ತಯಾರಕರಾಗುತ್ತೀರಿ, ವಿನಾಯಿತಿ ತಪ್ಪುತ್ತದೆ. ಆಗ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ 14 ಅಂಕಿಗಳ ಸಂಖ್ಯೆ ಪಡೆಯಬೇಕು. ಆಹಾರ ವಿಭಾಗದಲ್ಲಿ ಸರಕು ಸೇರಿಸಲು ಮಾರಾಟ ತಾಣದವರು ಕೇಳುವುದು ಇದನ್ನೇ. ಇದನ್ನು ತಪ್ಪಿಸಲು ಊಟದ ತುಪ್ಪವನ್ನು 'ಪೂಜಾ ಸಾಮಗ್ರಿ' ವಿಭಾಗಕ್ಕೆ ಸೇರಿಸುವ ಜಾಣತನ ಬೇಡ.

ಜಿಎಸ್‌ಟಿ ವಿಷಯದಲ್ಲಿ 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ಸಡಿಲಿಕೆ ಇದೆ. ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಆದರೆ ಮಾರಾಟ ರಾಜ್ಯದೊಳಗೇ ಇರಬೇಕು. ಬೆಂಗಳೂರಿಗೆ ಕಳುಹಿಸಬಹುದು, ಪಕ್ಕದ ಗುಂತಕಲ್ಲಿಗೆ ಕಳುಹಿಸಬೇಕಾದರೆ ಜಿಎಸ್‌ಟಿ ನೋಂದಣಿಯೇ ಬೇಕು!

ಲೆಕ್ಕವನ್ನೂ ಹಾಕಿರಿ. ಶೇ. 6.5 ಜಿಡ್ಡಿನ 10 ಲೀಟರ್ ಎಮ್ಮೆ ಹಾಲಿನಿಂದ ಸುಮಾರು 600 ಗ್ರಾಂ ತುಪ್ಪ ಬರುತ್ತದೆ. ಬಾಟಲಿ, ಸಾಗಣೆ, ತಾಣದ ಕಮಿಷನ್ ಕಳೆದು ಉಳಿದದ್ದನ್ನು ಸಂಘದ ಬಟವಾಡೆಯೊಂದಿಗೆ ಹೋಲಿಸಿರಿ. ಹಾಲು ತಡೆದರೆ ಸದಸ್ಯತ್ವಕ್ಕೆ ಬಾಧೆಯೇ ಎಂದು ಬೈಲಾ ನೋಡಿ ಕಾರ್ಯದರ್ಶಿಯವರನ್ನು ಕೇಳಿರಿ.

ಪಶುವೈದ್ಯನಾಗಿ ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು, ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ, ಸಂಘಕ್ಕೂ ಹಾಕಬೇಡಿ, ತುಪ್ಪದ ಗಡಿಗೆಗೂ ಸುರಿಯಬೇಡಿ.