ಎರಡೂ ಊರಿನ ಸುದ್ದಿ ಓದಬಲ್ಲವರಿಗೆ

ಪುಣೆ ಹತ್ತಿರದ ದೇಹೂ ರೋಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮನೆಗಳ ಮಕ್ಕಳೇ, ನಿಮಗೆ ಮರಾಠಿ ಓದಲು ಬರುತ್ತದೆ, ಮನೆಯಲ್ಲಿ ಕನ್ನಡ ಮಾತಾಡುತ್ತೀರಿ, ಮೊಬೈಲಂತೂ ಕೈಯಿಂದ ಇಳಿಯುವುದಿಲ್ಲ. ನಿಮ್ಮ ಮುತ್ಯಾನಿಗೆ, ಅಜ್ಜಿಗೆ ಕನ್ನಡ ಒಂದೇ ಬರುತ್ತದೆ, ಅದೂ ಕಿವಿಯ ಕನ್ನಡ. ಊರಿನ ಆರೋಗ್ಯ ಚೆನ್ನಾಗಿರುವಾಗ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ರೋಗ ಊರಿಗೇ ಹರಡಿದಾಗ ಮಾತ್ರ ಯಾರಿಗೆ ಸುದ್ದಿ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎನ್ನುವುದರ ಮೇಲೆ ಜೀವ ನಿಲ್ಲುತ್ತದೆ. 2020ರಲ್ಲಿ ಕೋವಿಡ್ ಬಂದಾಗ ನಿಮ್ಮಲ್ಲಿ ಬಹಳ ಮಂದಿ ಶಾಲೆಯ ಮಕ್ಕಳು. ಮುಂದಿನ ಸಲ ಮನೆಗೆ ಸುದ್ದಿ ತರುವವರು ನೀವೇ ಆಗಿರುತ್ತೀರಿ. ಆದ್ದರಿಂದ ಈಗಲೇ ಹೇಳಿಡುತ್ತಿದ್ದೇನೆ.

ಮುಂದಿನ ಸಲ ಎಂದದ್ದಕ್ಕೆ ಹೆದರಬೇಡಿ. ಪುಣೆಯ ಸುತ್ತ ಬದುಕುವವರಿಗೆ ಇದು ಹೊಸದಲ್ಲ. ಹಂದಿಜ್ವರ ಎಂದು ಕರೆದ ಎಚ್1ಎನ್1ನಿಂದ ದೇಶದಲ್ಲಿ ಮೊದಲ ಸಾವು ಆದದ್ದು ಈ ಪುಣೆಯಲ್ಲೇ, 2009ರ ಆಗಸ್ಟ್ 3ರಂದು. ಹೋದ ಜೀವ ಹದಿನಾಲ್ಕು ವರ್ಷದ ಶಾಲಾ ಬಾಲಕಿಯದು. ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣ 2020ರ ಮಾರ್ಚ್ 9ರಂದು ಪತ್ತೆಯಾದದ್ದೂ ಇಲ್ಲೇ, ದುಬೈಯಿಂದ ಬಂದ ದಂಪತಿಯಲ್ಲಿ. 2024ರಲ್ಲಿ ಝೀಕಾ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಗೀಯಾನ್ ಬಾರೆ ಎಂಬ ನರಗಳ ಕಾಯಿಲೆ. ಊರು ದೊಡ್ಡದು, ಬಂದುಹೋಗುವವರು ಬಹಳ, ಅದು ಒಂದು ಕಾರಣ. ರೋಗಾಣುವನ್ನು ಗುರುತಿಸುವ ರಾಷ್ಟ್ರೀಯ ವೈರಾಣು ಸಂಸ್ಥೆ ಇಲ್ಲೇ ಇರುವುದರಿಂದ ಇಲ್ಲಿ ಪತ್ತೆಯೂ ಬೇಗ ಆಗುತ್ತದೆ, ಅದು ಇನ್ನೊಂದು. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿ ಶುರುವಾದ ಆ ಸಂಸ್ಥೆಯ ಜನರೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿಗೆ ಹೋಗಿ, ಸತ್ತು ಬೀಳುತ್ತಿದ್ದ ಮಂಗಗಳ ಹಿಂದಿನ ಕಾರಣ ಹುಡುಕಿದವರು. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ ಎಂದು ಮಲೆನಾಡಿನವರಿಗೆ ಇವತ್ತು ಗೊತ್ತಿದ್ದರೆ ಅದರಲ್ಲಿ ಪುಣೆಯ ಪಾಲೂ ಇದೆ. ಈ ಊರಿಗೂ ನಮ್ಮ ನಾಡಿಗೂ ನಂಟು ಬರೀ ನೌಕರಿಯದಲ್ಲ.

2020ರ ಮಾರ್ಚ್ ನೆನೆಸಿಕೊಂಡರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ. ಪುಣೆಯಲ್ಲಿ ಪ್ರಕರಣ ಪತ್ತೆಯಾದ ಮರುದಿನ, ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದೇ ಎಂದು ಎರಡು ದಿನಕ್ಕೆ ಖಚಿತವಾಯಿತು. ಸೇನೆಯ ಡಿಪೋ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ, ಭೋಸರಿ ಚಿಂಚವಡದ ಕಾರ್ಖಾನೆಗಳಿಗೆ ಎಂದು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಇಲ್ಲಿಗೆ ಬಂದವರ ಸ್ಥಿತಿ ಏನಾಗಿರಬೇಕು ನೋಡಿ. ಊರಲ್ಲಿ ತಾಯಿ, ಇಲ್ಲಿ ಮಗ, ರೋಗ ಎರಡೂ ಕಡೆ. ಮಾರ್ಚ್ 22ರಿಂದ ರೈಲುಗಳು ನಿಂತವು, 25ರಿಂದ ದೇಶವೇ ನಿಂತಿತು. ತಾಯಿ ಕಲಬುರಗಿಯ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡುತ್ತಿದ್ದಳು, ಮಗ ಪುಣೆಯ ಸುದ್ದಿಯನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಸುಮ್ಮನೆ ಹೆದರಿದರು.

ನಾನು ನಿಮ್ಮಿಂದ ಬಯಸುವುದು ಇಷ್ಟೇ. ರೋಗದ ಸುದ್ದಿಯನ್ನು ನಿಮಗಾಗಿ ಓದಬೇಡಿ, ಓದಲಾರದವರಿಗಾಗಿ ಓದಿ. ನಿಮಗಾಗಿ ಓದಿದರೆ ಅದು ಭಯ ಹುಟ್ಟಿಸುತ್ತದೆ, ಇಲ್ಲವೇ ಬೇಸರ. ಪಕ್ಕದ ಮನೆಯ ಸಕ್ಕರೆ ಕಾಯಿಲೆಯ ಕಾಕಾನಿಗಾಗಿ ಓದಿದರೆ ಏನು ಬೇಕು, ಏನು ಬೇಡ ಎಂಬುದು ತಾನಾಗಿ ವಿಂಗಡವಾಗುತ್ತದೆ. ದೂರದ ದೇಶದಲ್ಲಿ ಎಷ್ಟು ಜನ ಸತ್ತರು ಎನ್ನುವುದು ಆ ಕಾಕಾನಿಗೆ ಬೇಡ. ನಾಳೆ ಇನ್ಸುಲಿನ್ ಸಿಗುವ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎನ್ನುವುದು ಬೇಕು.

ಅದನ್ನು ತಿಳಿಯಬೇಕಾದರೆ ಆದೇಶ ಯಾರದು ಎಂದು ಮೊದಲು ನೋಡಬೇಕು. ದೇಹೂ ರೋಡಿನಲ್ಲಿ ಇದು ಸಣ್ಣ ಮಾತಲ್ಲ. ನಾವಿರುವುದು ಕಂಟೋನ್ಮೆಂಟ್ ಮಂಡಳಿಯ ಹದ್ದಿನಲ್ಲಿ. ಆಚೆ ನಿಗಡಿ, ಕಿವಳೆ ಪಿಂಪರಿ-ಚಿಂಚವಡ ಮಹಾನಗರ ಪಾಲಿಕೆಗೆ ಸೇರಿದವು. ಸಂತ ತುಕಾರಾಮರ ದೇಹೂ ಕೋವಿಡ್ ಬಂದಾಗ ಇನ್ನೂ ಗ್ರಾಮ ಪಂಚಾಯಿತಿ. ಪಾಲಿಕೆಯ ಆದೇಶ ಓದಿ ನಮ್ಮ ಬಜಾರ್ ತೆರೆದಿರುತ್ತದೆ ಎಂದು ಹೊರಟವರು ಬರಿಗೈಯಲ್ಲಿ ಮರಳಿದ್ದಾರೆ. ಇದರ ಮೇಲೆ ಕರ್ನಾಟಕ ಸರ್ಕಾರದ ಆದೇಶ ಬೇರೆ. 2020ರ ಮೇ ತಿಂಗಳಲ್ಲಿ ಊರಿಗೆ ಹೋಗಬೇಕಾದರೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು. ನಡುವೆ ಮಹಾರಾಷ್ಟ್ರದವರಿಗೆ ಪ್ರವೇಶವೇ ನಿಂತಿತು. ಹೋದವರಿಗೆ ಸಾಂಸ್ಥಿಕ ಕ್ವಾರಂಟೈನ್. ಯಾದಗಿರಿ, ಕಲಬುರಗಿಯ ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. 2021ರಲ್ಲಿ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇಲ್ಲದವರನ್ನು ಹಿಂದಕ್ಕೆ ಕಳಿಸಿದರು. ಮಣ್ಣಿಗೆ ಹೊರಟವರೂ ಆ ಸಾಲಿನಲ್ಲಿದ್ದರು. ಮರಾಠಿ ಆದೇಶವನ್ನೂ ಕನ್ನಡ ಆದೇಶವನ್ನೂ ಓದಬಲ್ಲ ಒಬ್ಬ ಹುಡುಗಿ ಇಡೀ ಚಾಳಿಗೆ ಎಷ್ಟು ದೊಡ್ಡ ಆಸರೆ ಎಂಬುದು ಆ ದಿನಗಳಲ್ಲಿ ತಿಳಿಯಿತು.

ಎರಡನೆಯದಾಗಿ ತಾರೀಖು ನೋಡಿ. ಹೊಸ ರೋಗದ ಬಗ್ಗೆ ತಿಳಿವಳಿಕೆ ದಿನದಿನಕ್ಕೆ ಬೆಳೆಯುತ್ತದೆ, ಸಲಹೆಯೂ ಬದಲಾಗುತ್ತದೆ. ಮೊದಲು ಮಾಸ್ಕ್ ಕಾಯಿಲೆಯವರಿಗೆ ಸಾಕು ಎಂದರು, 2020ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಬೇಕು ಎಂದರು. ನಮ್ಮ ಪುಣೆಯ ಸೀರಂ ಸಂಸ್ಥೆಯಲ್ಲೇ ತಯಾರಾದ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರ ಮೊದಲು ನಾಲ್ಕು ವಾರ, 2021ರ ಮಾರ್ಚ್‌ನಲ್ಲಿ ಆರರಿಂದ ಎಂಟು, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು ವಾರ ಆಯಿತು. ಬಿಸಿಲಲ್ಲಿ ಸಾಲು ನಿಂತ ಹಿರಿಯರು ನಿಮ್ಮ ದಿನ ಇನ್ನೂ ಬಂದಿಲ್ಲ ಎನಿಸಿಕೊಂಡು ಮನೆಗೆ ಬಂದರು. ಇವರೆಲ್ಲ ಸುಳ್ಳುಗಾರರು ಎಂದು ಬೈದರು. ಸುಳ್ಳಲ್ಲ ಅದು. ಹೆಚ್ಚು ಅಂತರ ಕೊಟ್ಟರೆ ರಕ್ಷಣೆ ಹೆಚ್ಚು ಎಂಬ ಅಧ್ಯಯನ ಬಂದದ್ದಕ್ಕೆ ಮಾಡಿದ ಬದಲಾವಣೆ. ಇದನ್ನು ಬಿಡಿಸಿ ಹೇಳುವವರು ಮನೆಯಲ್ಲಿ ಒಬ್ಬರಿದ್ದಿದ್ದರೆ ಆ ಹಿರಿಯರು ಎರಡನೆಯ ಡೋಸ್ ಬಿಡುತ್ತಿರಲಿಲ್ಲ. ಯಾವ ಸಂದೇಶ ಬಂದರೂ ಅದು ಎಂದಿನದು ಎಂದು ಕೇಳಿ. ತಾರೀಖಿಲ್ಲದ ಸಂದೇಶವನ್ನು ಯಾರಿಗೂ ಕಳಿಸಬೇಡಿ.

ಅಂಕಿಯನ್ನು ಓದುವುದನ್ನೂ ಕಲಿಯಿರಿ. ಇವತ್ತು ಹೇಳುವ ಪ್ರಕರಣದ ಸಂಖ್ಯೆ ಇವತ್ತಿನ ಸೋಂಕಿನದಲ್ಲ. ಕೋವಿಡ್ ಸೋಂಕು ತಗುಲಿ ಲಕ್ಷಣ ಕಾಣಿಸಲು ಎರಡರಿಂದ ಹದಿನಾಲ್ಕು ದಿನ, ಆಮೇಲೆ ಪರೀಕ್ಷೆ, ಆಮೇಲೆ ವರದಿ. ಸಾವಿನ ಸಂಖ್ಯೆ ಇನ್ನೂ ಹಿಂದೆ ಬರುತ್ತದೆ. ಹೀಗಾಗಿ ಪ್ರಕರಣ ಇಳಿಯುತ್ತಿರುವಾಗಲೂ ಸಾವು ಏರುತ್ತಿರಬಹುದು. ಭಾನುವಾರ ಪರೀಕ್ಷೆ ಕಡಿಮೆ, ಆದ್ದರಿಂದ ಸೋಮವಾರದ ಅಂಕಿ ತಗ್ಗುತ್ತದೆ. ಅದನ್ನು ನೋಡಿ ಮದುವೆಯ ದಿನ ಗೊತ್ತು ಮಾಡಬಾರದು. ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಜನರಿಗೆ ಬಂತು ಎಂಬ ಪ್ರಮಾಣವೇ ಹೆಚ್ಚು ನಿಜ ಹೇಳುತ್ತದೆ. ಮನೆಯೊಳಗಿನ ಅಂಕಿ ಅದಕ್ಕಿಂತ ಮುಖ್ಯ: ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಬೆಳಗಾಗಲಿ ಎಂದು ಕಾಯಬಾರದು. 2021ರ ಏಪ್ರಿಲ್‌ನಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪುಣೆಯೆಲ್ಲ ಅಲೆದ ದಿನಗಳಲ್ಲಿ ಒಂದು ರಾತ್ರಿಯ ತಡ ಬಹಳ ಮನೆಗಳ ದೀಪ ಆರಿಸಿತು.

ಗಾಳಿಸುದ್ದಿಯ ಮಾತಿಗೆ ಒಂದೇ ಉದಾಹರಣೆ ಕೊಡುತ್ತೇನೆ. 2020ರ ಆರಂಭದಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂದು ಮೊಬೈಲ್‌ಗಳಲ್ಲಿ ಹರಿದಾಡಿತು. ಆ ಸಂದೇಶಕ್ಕೆ ಯಾವ ಆಧಾರವೂ ಇರಲಿಲ್ಲ. ಎರಡೂ ರಾಜ್ಯಗಳಲ್ಲಿ ಕೋಳಿ ಬೆಲೆ ನೆಲಕಚ್ಚಿತು. ಬೆಳಗಾವಿ ಜಿಲ್ಲೆಯಲ್ಲಿ ಸಾಕಿದವರೇ ಜೀವಂತ ಕೋಳಿಗಳನ್ನು ಗುಂಡಿಯಲ್ಲಿ ಮುಚ್ಚುವ ಸ್ಥಿತಿ ಬಂತು. 2025ರಲ್ಲಿ ಗೀಯಾನ್ ಬಾರೆ ಬಂದಾಗ ಆರೋಗ್ಯ ಇಲಾಖೆ ನೀರು ಕುದಿಸಿ ಕುಡಿಯಿರಿ, ಕೋಳಿಯನ್ನು ಚೆನ್ನಾಗಿ ಬೇಯಿಸಿ ತಿನ್ನಿ ಎಂದಿತು. ಅದಕ್ಕೆ ಕಾರಣವಿತ್ತು: ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು, ಅದು ಕಲುಷಿತ ನೀರಿನಲ್ಲಿ, ಅರೆಬೆಂದ ಮಾಂಸದಲ್ಲಿ ಉಳಿಯುತ್ತದೆ. ಗೀಯಾನ್ ಬಾರೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಎರಡು ಸಲವೂ ಮಾತು ಕೋಳಿಯದೇ, ಆದರೆ ಒಂದು ಜನರ ಹೊಟ್ಟೆಯ ಮೇಲೆ ಹೊಡೆಯಿತು, ಇನ್ನೊಂದು ಆರೋಗ್ಯ ಕಾಯಿತು. ಸಲಹೆಯ ಜೊತೆ ಕಾರಣವೂ ಇದೆಯೇ, ನಮ್ಮ ಕೈಯಲ್ಲಾಗುವ ಕೆಲಸ ಹೇಳಿದೆಯೇ, ಕೆಳಗೆ ಹೆಸರು ಹಾಕಿದವರಿದ್ದಾರೆಯೇ ಎಂದು ನೋಡಿ.

ಇಷ್ಟೆಲ್ಲ ತಿಳಿದವರಾದ ಮೇಲೆ ಅಹಂಕಾರ ಬರಬಾರದು. ನಮ್ಮ ಸ್ಟೇಷನ್ನಿಂದ ಎರಡನೆಯ ನಿಲ್ದಾಣ ಚಿಂಚವಡ, ಚಾಫೇಕರ ಸಹೋದರರ ಊರು. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ರ‍್ಯಾಂಡ್ ಎಂಬ ಅಧಿಕಾರಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ರೋಗಿಗಳನ್ನು ಬೇರ್ಪಡಿಸುವ ಉದ್ದೇಶದಲ್ಲಿ ತಪ್ಪಿರಲಿಲ್ಲ, ಜನರನ್ನು ಅವಮಾನಿಸಿದ ರೀತಿಯಲ್ಲಿ ತಪ್ಪಿತ್ತು. ಜನ ರೋಗಿಗಳನ್ನು ಬಚ್ಚಿಟ್ಟರು, ಜೂನ್ 22ರ ರಾತ್ರಿ ಗಣೇಶಖಿಂಡ ರಸ್ತೆಯಲ್ಲಿ ಚಾಫೇಕರ ಸಹೋದರರಿಂದ ರ‍್ಯಾಂಡ್ ಮೇಲೆ ಗುಂಡು ಹಾರಿತು. ಅದೇ ವರ್ಷ, ಅದೇ ಪ್ಲೇಗ್‌ನಲ್ಲಿ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತರು. ಮುಂಢ್ವಾದ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು ಎನ್ನುತ್ತಾರೆ. ಅವರಿಗೂ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗ ಒಂದೇ, ಊರು ಒಂದೇ. ನೀವು ಬಾಗಿಲು ತಟ್ಟುವಾಗ ರ‍್ಯಾಂಡ್, ಸಾವಿತ್ರಿಬಾಯಿ ಈ ಇಬ್ಬರಲ್ಲಿ ಯಾರಂತೆ ತಟ್ಟುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಏಕೆಂದರೆ ಬಾಗಿಲುಗಳೇ ನಮ್ಮನ್ನು ಬಹಳ ನೋಯಿಸಿದವು. ಎಡಗೈಗೆ ಕ್ವಾರಂಟೈನ್ ಮುದ್ರೆ ಬಿದ್ದವರನ್ನು ಬಸ್ಸಿನಿಂದ ಇಳಿಸಿದರು. ಮನೆಮುಂದೆ ಅಂಟಿಸಿದ ಕಾಗದ ಕಂಡು ಹಾಲಿನವನು ಬರಲಿಲ್ಲ. ಅಧಿಕಾರಿಗಳ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳುವಷ್ಟರಲ್ಲಿ ಆಗಬೇಕಾದ ಗಾಯ ಆಗಿತ್ತು. ಊರಿಗೆ ಹೋದವರನ್ನು ಮಹಾರಾಷ್ಟ್ರದಿಂದ ಬಂದವರು ಎಂದು ಸ್ವಂತ ಓಣಿಯವರೇ ದೂರ ಇಟ್ಟರು. ಇಲ್ಲಿ ಉಳಿದವರನ್ನು ಹೊರಗಿನವರು ಎಂದು ನೋಡಿದವರೂ ಇದ್ದರು. ಮನೆಗೆಲಸದ ಹೆಂಗಸರಿಗೆ ಸೊಸೈಟಿಗಳ ಗೇಟು ಮುಚ್ಚಿತು, ಸಂಬಳವೂ ನಿಂತಿತು. ಸಾವಿಗೆ ಹೆಗಲು ಕೊಡುವವರಿಲ್ಲದೆ ಹೋದದ್ದನ್ನು ಬರೆಯಲು ನನಗೆ ಈಗಲೂ ಆಗುವುದಿಲ್ಲ. ದೂರ ನಿಲ್ಲುವುದು ರೋಗದಿಂದ. ಜ್ವರ ಬಂದ ಮನೆಯ ಹೊಸ್ತಿಲಲ್ಲಿ ಊಟದ ಡಬ್ಬಿ ಇಟ್ಟು, ಆಚೆ ನಿಂತು ಹೆಸರು ಹಿಡಿದು ಕೂಗಿ ಮಾತಾಡಿಸಿದರೆ ಯಾವ ಸೋಂಕೂ ಹತ್ತುವುದಿಲ್ಲ.

ರೂಢಿ ಬಿಡುವುದು ಹೇಗೆ ಎಂದು ಹಿರಿಯರು ಹಟ ಹಿಡಿದರೆ ದೇಹೂವಿನ ಪಾಲಖಿಯ ಮಾತು ಹೇಳಿ. ಲಕ್ಷಗಟ್ಟಲೆ ವಾರಕರಿಗಳು ನಡೆದು ಹೋಗುವ ವಾರಿ ಅದು. 2020ರ ಜೂನ್ 12ರಂದು ಪ್ರಸ್ಥಾನವಾಯಿತು, ಆದರೆ ತುಕಾರಾಮರ ಪಾದುಕೆಗಳು ದೇಹೂವಿನಲ್ಲೇ ಉಳಿದು, ಜೂನ್ 30ರಂದು ಕೆಲವೇ ಮಂದಿಯ ಜೊತೆ ಎಸ್.ಟಿ. ಬಸ್ಸಿನಲ್ಲಿ ಪಂಢರಪುರಕ್ಕೆ ಹೊರಟವು. 2021ರಲ್ಲೂ ಬಸ್ಸೇ. 2022ರಲ್ಲಿ ಮತ್ತೆ ಕಾಲ್ನಡಿಗೆ. ವಾರಿಯೇ ಎರಡು ವರ್ಷ ತಡೆದುಕೊಂಡಿರುವಾಗ ನಮ್ಮ ಸೀಮಂತ, ಗೃಹಪ್ರವೇಶ ಒಂದಷ್ಟು ತಿಂಗಳು ತಡೆದರೆ ಯಾವ ದೇವರೂ ಮುನಿಯುವುದಿಲ್ಲ. ವಿಜಯಪುರ, ಬೆಳಗಾವಿಯ ದಿಂಡಿಗಳಲ್ಲಿ ನಡೆದ ಹಿರಿಯರಿಗೆ ಈ ಮಾತು ಬೇಗ ತಟ್ಟುತ್ತದೆ.

ಕಾಗದಪತ್ರದ ವಿಷಯ ಮರೆಯಬೇಡಿ. ಕೋವಿಡ್‌ನಿಂದ ಸತ್ತವರ ಮನೆಯವರಿಗೆ 50,000 ರೂಪಾಯಿ ಪರಿಹಾರ ಕೊಡಬೇಕೆಂಬ ವ್ಯವಸ್ಥೆಗೆ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಪರೀಕ್ಷೆಯ ವರದಿ, ಆಸ್ಪತ್ರೆಯ ಚೀಟಿ, ಮರಣ ಪ್ರಮಾಣಪತ್ರ ಒಂದು ಕಡೆ ಇಲ್ಲದವರು, ಒಂದರಲ್ಲಿ ಮರಾಠಿ ಹೆಸರು ಇನ್ನೊಂದರಲ್ಲಿ ಕನ್ನಡದ ಅಡ್ಡಹೆಸರು ಇದ್ದವರು ಎರಡು ರಾಜ್ಯಗಳ ನಡುವೆ ಅಲೆದರು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ ತಿದ್ದಿಸುವುದು ಆರೋಗ್ಯವಾಗಿರುವಾಗ ಮಾಡಬೇಕಾದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತು ಎಂದು ಸಾರಿತು. ಆ ದಿನದಿಂದ ನಮ್ಮವರು ಆ ಮಾತು ಎತ್ತುವುದನ್ನೇ ಬಿಟ್ಟಿದ್ದಾರೆ, ನೋವು ಅಷ್ಟಿದೆ. ನೀವು ಮಾತ್ರ ಒಂದು ಕೆಲಸ ಮಾಡಿ. ಈ ಭಾನುವಾರ ನಿಮ್ಮ ಓಣಿಯಲ್ಲಿ ಮರಾಠಿ ಓದಲು ಬಾರದ, ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಹೋಗಿ. ಅವರ ಹೆಸರು, ದಿನದ ಮಾತ್ರೆ, ರಕ್ತದ ಗುಂಪು, ಊರಿನಲ್ಲಿರುವ ಮಕ್ಕಳ ಫೋನ್ ನಂಬರ್ ಒಂದು ವಹಿಯಲ್ಲಿ ಬರೆದುಕೊಳ್ಳಿ, ನಿಮ್ಮ ನಂಬರನ್ನು ಅವರ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ ಬನ್ನಿ.